ಬೆಸುಗೆ ತಣಿದ ಮೇಲಿನ ಅಳತೆ

ಡೊಂಬಿವಲಿ ಎಂಐಡಿಸಿಯ ವೆಲ್ಡಿಂಗ್ ಶೆಡ್ಡಿನಲ್ಲಿ ಸಾಫ್ಟ್‌ವೇರ್‌ನವನಿಗೇನು ಕೆಲಸ ಎಂದು ಊರಿನವರು ಕೇಳುತ್ತಾರೆ. ನಿರ್ವಾತ ಯಂತ್ರಗಳ ಪಂಪು, ವಾಲ್ವು ನಡೆಸುವ ಪ್ರೋಗ್ರಾಂ ಬರೆಯುವವನು ನಾನು. ಪಾತ್ರೆಯೇ ಸೋರಿದರೆ ನನ್ನ ಪ್ರೋಗ್ರಾಂ ಏನು ಮಾಡೀತು?

ಬೆಸುಗೆ ತಣಿಯುವಾಗ ಕುಗ್ಗಿ ಲೋಹವನ್ನು ಎಳೆಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಈ ಕಾಟ ಹೆಚ್ಚು: 304 ದರ್ಜೆಯದು ಸಾಮಾನ್ಯ ಉಕ್ಕಿನ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತದೆ, ಶಾಖ ಹರಿಯಬಿಡುವುದು ಮೂರನೇ ಒಂದರಷ್ಟು. ಕ್ಲ್ಯಾಂಪ್ ಬಿಗಿದರೆ ಸಾಕೆಂದುಕೊಂಡರೆ, ಬಿಚ್ಚಿದಾಗ ಮತ್ತೆ ಬಾಗುತ್ತದೆ. ಬೆಳಗಾವಿ ಕಡೆಯ ಫೋರ್‌ಮನ್ ಒಬ್ಬರು ಎದುರುಬದುರು ಟ್ಯಾಕ್ ಹಾಕಿ, ತುಂಡುತುಂಡಾಗಿ ಬೆಸೆಯುತ್ತಾರೆ. “ಫ್ಲಾಂಜ್ ಮ್ಯಾಲ 3 ಎಂಎಂ ಹೆಚ್ಚಿಗಿ ಇಟ್ಟಿರ್ತೀವ್ರಿ ಸರ, ವೆಲ್ಡಿಂಗ್ ಎಲ್ಲಾ ಮುಗದ ಮ್ಯಾಲ ಮಷೀನಿಂಗ್” ಎನ್ನುತ್ತಾರೆ. ಪೂರ್ತಿ ಬೆಸುಗೆ ಒಳಬದಿಗೆ ಮಾತ್ರ. ಹೊರಗೂ ಪೂರ್ತಿ ಬೆಸೆದರೆ ನಡುವೆ ಉಳಿದ ಗಾಳಿ ದಿನಗಟ್ಟಲೆ ಒಳಗೆ ಜಿನುಗಬಹುದು, ಹೀಲಿಯಂ ಪರೀಕ್ಷೆಗೂ ಸಿಗದು.

ದೊಡ್ಡವರಿಗೂ ಇದು ತಪ್ಪಿಲ್ಲ. ಫ್ರಾನ್ಸ್‌ನ ‘ಇಟರ್’ ಸಮ್ಮಿಳನ ಯೋಜನೆಯಲ್ಲಿ, ತಲಾ ಸುಮಾರು 440 ಟನ್‌ನ ನಿರ್ವಾತ ಪಾತ್ರೆಯ ಭಾಗಗಳು ಒಂದಕ್ಕೊಂದು ಕೂಡುವ ಅಂಚಿನಲ್ಲೇ ಅಳತೆ ತಪ್ಪಿದ್ದು 2022ರಲ್ಲಿ ಬಹಿರಂಗವಾಯಿತು. ಜೋಡಣೆಗೆ ಇಳಿಸಿದ್ದ ಒಂದನ್ನು 2023ರಲ್ಲಿ ಮೇಲೆತ್ತಬೇಕಾಯಿತು. ಅಲ್ಲಿ ಖರ್ಚು ಹೊರಲು ದೇಶಗಳಿವೆ. ನಮ್ಮ ಕಡೆ ತಿರಸ್ಕೃತ ಪಾತ್ರೆಯ ನಷ್ಟ ಹತ್ತು ಜನರ ಶೆಡ್ಡಿನ ಮೇಲೇ.

ಡ್ರಾಯಿಂಗ್ ಮಾಡುವವರು ಎಲ್ಲೆಡೆ 0.1 ಮಿ.ಮೀ. ಎಂದು ಬರೆದುಬಿಡುತ್ತಾರೆ, ಕೀಬೋರ್ಡಿಗೇನು ಖರ್ಚು! ಆ ಬಿಗಿ ಬೇಕಿರುವುದು ಓ-ರಿಂಗ್ ಕೂರುವ ಮುಖಕ್ಕೆ. ಗೋಡೆ 2 ಮಿ.ಮೀ. ಆಚೀಚೆಯಾದರೆ ನಿರ್ವಾತಕ್ಕೆ ತೊಂದರೆಯಿಲ್ಲ. ಈಗ ನಮ್ಮ ಆರ್ಡರ್‌ಗಳಲ್ಲಿ ಹಾಗೆಯೇ ಬರೆಯುತ್ತೇವೆ. ಡ್ರಾಯಿಂಗ್ ಅಂತಿಮವಾಗುವ ಮೊದಲೇ ಫೋರ್‌ಮನ್ ಕೈಗೆ ಹೋಗುತ್ತದೆ.