ನೀರಿಗಂಜದ ನಕ್ಷೆ: ಹಳ್ಳಿಗಾಡಿನ ಸೈಕಲ್ ಸವಾರರಿಗೆ ಕೆಲವು ಸೂಚನೆಗಳು



ಬೇಸಿಗೆ ಬಂದೊಡನೆ ನಮ್ಮ ಕೂಟದ ಅನೇಕ ಕುಟುಂಬಗಳು ಮಕ್ಕಳೊಡನೆ ಸೈಕಲ್ಲೇರಿ ಇಂಗ್ಲೆಂಡಿನ ಹಳ್ಳಿಗಾಡಿನತ್ತ ಹೊರಡುತ್ತವೆ. ವೈದ್ಯವೃತ್ತಿಯ ನಮಗೆ ಇದಕ್ಕಿಂತ ಸಂತೋಷದ ಸಂಗತಿ ಇನ್ನೊಂದಿಲ್ಲ. ಆದರೆ ಹೆಲ್ಮೆಟ್, ಮಳೆಯಂಗಿ, ಬುತ್ತಿಯ ಡಬ್ಬಿಗಳ ವಿಷಯದಲ್ಲಿ ವಹಿಸುವ ಎಚ್ಚರವನ್ನು ನಾವು ನಕ್ಷೆಯ ವಿಷಯದಲ್ಲಿ ವಹಿಸುವುದಿಲ್ಲ. ಜೇಬಿನಲ್ಲಿ ಮೊಬೈಲ್ ಇರುವಾಗ ಕಾಗದದ ನಕ್ಷೆ ಏತಕ್ಕೆ ಎಂಬ ಪ್ರಶ್ನೆ ಸಹಜ. ಮೊಬೈಲ್ ಇರಲಿ, ಅದು ಬೇಕೇ ಬೇಕು. ಆದರೆ ಮಳೆಹನಿ ಬಿದ್ದ ಪರದೆ ಬೆರಳಿನ ಮಾತು ಕೇಳುವುದಿಲ್ಲ; ಚಳಿಯಲ್ಲಿ ಬ್ಯಾಟರಿ ಬೇಗ ಬರಿದಾಗುತ್ತದೆ; ಕಣಿವೆಗಳಲ್ಲಿ ಸಂಪರ್ಕ ತಪ್ಪುವುದೂ ಉಂಟು. ಆಗ ಅತ್ಯಂತ ಸಮೀಪದ ಹಳ್ಳಿ ಯಾವ ದಿಕ್ಕಿಗಿದೆ, ತೋಟದ ಮನೆ ಎಲ್ಲಿದೆ ಎಂಬುದನ್ನು ತೋರಿಸಬಲ್ಲುದು ಕೈಯಲ್ಲಿರುವ ನಕ್ಷೆಯೊಂದೇ.

ಮೊದಲು ಪ್ರಮಾಣದ ವಿಚಾರ. ಈ ದೇಶದ ಆರ್ಡ್‌ನೆನ್ಸ್ ಸರ್ವೆ ಸಂಸ್ಥೆ 1791ರಲ್ಲಿ ಆರಂಭವಾದುದು. ಅದು ಬಳಸಿದ ತ್ರಿಕೋನ ಮಾಪನ ವಿಧಾನದಿಂದಲೇ ವಿಲಿಯಂ ಲ್ಯಾಂಬ್ಟನ್‌ರ ತಂಡ 1804ರಲ್ಲಿ ನಮ್ಮ ಬೆಂಗಳೂರಿನ ಬಳಿ ಆಧಾರರೇಖೆಯನ್ನು ಅಳೆಯಿತು. ಈ ಸಂಸ್ಥೆಯ ಎರಡು ಮಾಲೆಗಳು ನಮಗೆ ಮುಖ್ಯ. ಗುಲಾಬಿ ಹೊದಿಕೆಯ ಲ್ಯಾಂಡ್‌ರೇಂಜರ್ 1:50,000 ಪ್ರಮಾಣದ್ದು. ನಕ್ಷೆಯ 2 ಸೆಂಟಿಮೀಟರ್ ನೆಲದ ಮೇಲಿನ 1 ಕಿಲೋಮೀಟರ್. ಒಂದು ಹಾಳೆಯಲ್ಲಿ 40 ಕಿಲೋಮೀಟರ್ ಉದ್ದಗಲದ ಪ್ರದೇಶ ಅಡಗಿರುವುದರಿಂದ ದಿನವಿಡೀ ರಸ್ತೆಯಲ್ಲಿ ಸಾಗುವವರಿಗೆ ಇದು ಸಾಕು. ಕಿತ್ತಳೆ ಹೊದಿಕೆಯ ಎಕ್ಸ್‌ಪ್ಲೋರರ್ 1:25,000 ಪ್ರಮಾಣದ್ದು. ಇದರಲ್ಲಿ ಹೊಲದ ಬೇಲಿಗೋಡೆಗಳೂ ಕಾಣುವುದರಿಂದ ರಸ್ತೆ ಬಿಟ್ಟು ಕಾಲುದಾರಿಯಂಥ ಹಾದಿಗಳಿಗೆ ಇಳಿಯುವವರಿಗೆ ಇದು ಅಗತ್ಯ. ಉದಾಹರಣೆಗೆ, ಪೀಕ್ ಡಿಸ್ಟ್ರಿಕ್ಟ್‌ನಲ್ಲಿ ಹಳೆಯ ರೈಲುಮಾರ್ಗದ ಮೇಲೆ ಸಾಗುವ ಟಿಸ್ಸಿಂಗ್‌ಟನ್ ಟ್ರೇಲ್ ಮಕ್ಕಳಿಗೆ ಹೇಳಿಮಾಡಿಸಿದಂಥದು. ಅದನ್ನೂ ಸುತ್ತಲಿನ ರಸ್ತೆಗಳನ್ನೂ ನೋಡಲು ಲ್ಯಾಂಡ್‌ರೇಂಜರ್ 119ನೆಯ ಹಾಳೆಯನ್ನು ಕೊಂಡರಾಯಿತು.

ಇನ್ನು ಬಾಳಿಕೆ. ಸಾಧಾರಣ ಕಾಗದದ ನಕ್ಷೆ ನೆನೆದರೆ ಮೊದಲು ಹರಿಯುವುದು ಮಡಿಕೆಗಳು ಕೂಡುವ ಮೂಲೆಯಲ್ಲಿ. ಇದಕ್ಕೆ ಪರಿಹಾರ ಎರಡು ಬಗೆ. ಒಂದು, ಕಾಗದದ ಎರಡೂ ಬದಿಗೆ ಪ್ಲಾಸ್ಟಿಕ್ ಪೊರೆ ಹೊದಿಸುವುದು; ಆರ್ಡ್‌ನೆನ್ಸ್ ಸರ್ವೆಯ ‘ಆಕ್ಟಿವ್’ ನಕ್ಷೆಗಳು ಈ ಬಗೆಯವು. ಇವು ಗಟ್ಟಿ, ಆದರೆ ತೂಕ ಹೆಚ್ಚು, ಮಡಿಸಲು ಬಿರುಸು. ಮಡಿಕೆಯಲ್ಲಿ ಪೊರೆ ಸೀಳಿದರೆ ನೀರು ಒಳಗಿನ ಕಾಗದವನ್ನು ಸೇರುತ್ತದೆ. ಎರಡು, ಕಾಗದದ ಬದಲು ಪಾಲಿಥಿನ್‌ನಂಥ ಹಾಳೆಯ ಮೇಲೆಯೇ ಮುದ್ರಿಸುವುದು. ಸ್ಕಾಟ್ಲೆಂಡಿನ ಹಾರ್ವೆ ಸಂಸ್ಥೆಯ ನಕ್ಷೆಗಳು ಹೀಗಿರುತ್ತವೆ. ಇವು ಹಗುರ, ನೀರನ್ನು ಹೀರುವುದೇ ಇಲ್ಲ. ಎರಡು ಬಗೆಯನ್ನೂ ಬಟ್ಟೆಯಿಂದ ಒರೆಸಿ ಹರಡಿ ಒಣಗಿಸಬೇಕೇ ಹೊರತು ರೇಡಿಯೇಟರ್ ಮೇಲೆ ಹಾಕಬಾರದು. ಹೊರಡುವ ಮುನ್ನ ಮನೆಯಲ್ಲೇ ಆ ದಿನದ ದಾರಿ ಮೇಲೆ ಕಾಣುವಂತೆ ಮಡಿಸಿ ಹ್ಯಾಂಡಲ್‌ನ ಪಾರದರ್ಶಕ ಚೀಲದಲ್ಲಿಡಿ. ಇದು ಕೇವಲ ಅನುಕೂಲದ ಮಾತಲ್ಲ. ಬೆವರಿದ ಮೈಯಲ್ಲಿ ಗಾಳಿಮಳೆಗೆ ನಿಂತು ನಕ್ಷೆ ಬಿಡಿಸುವವರ ದೇಹದ ಶಾಖ ಬಹುಬೇಗ ಇಳಿಯುತ್ತದೆ. ಮಕ್ಕಳಲ್ಲಿ ಇನ್ನೂ ಬೇಗ. ನಿಲ್ಲುವ ಹೊತ್ತು ಕಡಿಮೆಯಾದಷ್ಟೂ ಕ್ಷೇಮ.

ಕೊಂಡ ನಕ್ಷೆಯನ್ನು ಓದಲೂ ಬರಬೇಕಷ್ಟೆ. ಸಮೋನ್ನತಿ ರೇಖೆಗಳು ಒತ್ತೊತ್ತಾಗಿದ್ದಲ್ಲಿ ಏರು ಕಡಿದು. ರಸ್ತೆಯ ಮೇಲೆ ಒಂಟಿ ಬಾಣದ ಗುರುತಿದ್ದರೆ ಶೇಕಡಾ 14ರಿಂದ 20ರ ಇಳಿಜಾರು. ಜೋಡಿ ಬಾಣವಿದ್ದರೆ ಅದಕ್ಕೂ ಕಡಿದು. ಆ ಗುರುತನ್ನು ಕಂಡೂ ಪುಟ್ಟ ಮಕ್ಕಳನ್ನು ಅತ್ತ ಕರೆದೊಯ್ದರೆ ಇರುಳು ಕಂಡ ಬಾವಿಗೆ ಹಗಲು ಬಿದ್ದಂತಾದೀತು. ಎಕ್ಸ್‌ಪ್ಲೋರರ್‌ನಲ್ಲಿ ಹಸಿರು ಬಣ್ಣದ ಗಿಡ್ಡ ಗೆರೆಗಳ ಸಾಲು ಪಾದಚಾರಿಗಳ ಹಾದಿ. ಉದ್ದ ಗೆರೆಗಳ ಸಾಲು ಕುದುರೆಯ ಹಾದಿ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 1968ರ ಕಾಯಿದೆಯ ಪ್ರಕಾರ ಕುದುರೆಯ ಹಾದಿಯಲ್ಲಿ ಸೈಕಲ್ ಸವಾರರಿಗೆ ಹಕ್ಕುಂಟು. ಆದರೆ ನಡೆಯುವವರಿಗೂ ಕುದುರೆ ಸವಾರರಿಗೂ ದಾರಿ ಬಿಡಬೇಕು.

ಕೊನೆಯದಾಗಿ, ವೈದ್ಯರಾಗಿ ನಾವು ಒತ್ತಿ ಹೇಳಬೇಕಾದ ಮಾತು. ನಿರ್ಜನ ಹಾದಿಯಲ್ಲಿ ಬಿದ್ದು ಕಾಲು ಮುರಿದವರಿಗೆ ಮೊದಲು ಬೇಕಾದುದು ಅವರಿರುವ ಜಾಗವನ್ನು ಬಲ್ಲ ಆಂಬ್ಯುಲೆನ್ಸ್. 999ಕ್ಕೆ ಕರೆ ಮಾಡಿ ‘ಒಂದು ಬೇಲಿಯ ಪಕ್ಕದಲ್ಲಿದ್ದೇವೆ’ ಎಂದರೆ ಪ್ರಯೋಜನವಿಲ್ಲ. ಆರಂಕಿಯ ಗ್ರಿಡ್ ಸಂಖ್ಯೆ ನಮ್ಮನ್ನು 100 ಮೀಟರಿನ ಚೌಕದೊಳಗೆ ಗುರುತಿಸುತ್ತದೆ. ನಕ್ಷೆಯಲ್ಲಿ ಕೊಟ್ಟಿರುವ ಎರಡು ಅಕ್ಷರಗಳನ್ನು ಮೊದಲು ಹೇಳಿ. ಆಮೇಲೆ ನಮ್ಮ ಸ್ಥಳದ ಎಡಕ್ಕಿರುವ ಲಂಬರೇಖೆಯ ಸಂಖ್ಯೆ, ಅಲ್ಲಿಂದ ಬಲಕ್ಕೆ ಎಷ್ಟು ಹತ್ತನೆಯ ಭಾಗ. ಅನಂತರ ಕೆಳಗಿರುವ ಅಡ್ಡರೇಖೆಯ ಸಂಖ್ಯೆ, ಅಲ್ಲಿಂದ ಮೇಲಕ್ಕೆ ಎಷ್ಟು ಹತ್ತನೆಯ ಭಾಗ. ಈ ಕ್ರಮವನ್ನು ಅದಲುಬದಲು ಮಾಡಬಾರದು.

ಬೀಳುವವರು ತಂದೆಯೋ ತಾಯಿಯೋ ಆಗಿದ್ದರೆ ಈ ಸಂಖ್ಯೆಯನ್ನು ಓದಬೇಕಾದವರು ಮಕ್ಕಳು. ಆದ್ದರಿಂದ ಮಳೆಯ ಭಾನುವಾರವೊಂದರಲ್ಲಿ ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿ, ಚರ್ಚು, ಸೇತುವೆ, ಅಂಚೆಮನೆಗಳ ಸಂಖ್ಯೆಯನ್ನು ಮಕ್ಕಳಿಂದಲೇ ಹೇಳಿಸಿ. ಹತ್ತು ವರ್ಷದ ಮಗುವಿಗೆ ಇದು ಅರ್ಧ ಗಂಟೆಯ ಆಟ. ಆಮೇಲೆ ಸೈಕಲ್ಲಿನ ಚಕ್ರಕ್ಕೆ ಗಾಳಿ ತುಂಬಿಸೋಣ.