ಹೆಣದ ಲೆಕ್ಕ ತಪ್ಪಿದಾಗ

ಗುಂಡಿನ ಸದ್ದು ಅಡಗಿದೆ. ಸತ್ತ ಡಕಾಯಿತರನ್ನು ಒಬ್ಬೊಬ್ಬರನ್ನಾಗಿ ಗಾಡಿಗೆ ಹೇರುತ್ತ ನಾಯಕ ಬಾಯಲ್ಲೇ ಲೆಕ್ಕ ಹಾಕುತ್ತಿದ್ದಾನೆ. ಇವನ ತಲೆಗೆ ಇಷ್ಟು, ಅವನ ತಲೆಗೆ ಅಷ್ಟು. ಒಟ್ಟು 27 ಸಾವಿರ ಡಾಲರ್ ಆಗಬೇಕು, ಆದರೆ ಕಡಿಮೆ ಬರುತ್ತಿದೆ. ಅಷ್ಟರಲ್ಲಿ ಬೆನ್ನ ಹಿಂದೆ ಸಪ್ಪಳ. ತಿರುಗಿ ಒಂದೇ ಗುಂಡು. ಬದುಕುಳಿದಿದ್ದ ಕೊನೆಯ ಡಕಾಯಿತ ಉರುಳುತ್ತಾನೆ, ಲೆಕ್ಕ ಸರಿಹೋಗುತ್ತದೆ. ಏನಾಯಿತೆಂದು ವಿಚಾರಿಸಿದ ಜೊತೆಗಾರನಿಗೆ, ಕೂಡುವುದರಲ್ಲಿ ತಪ್ಪಿದೆನೇನೋ ಅಂದುಕೊಂಡೆ ಎಂದು ಆತ ತಣ್ಣಗೆ ಉತ್ತರಿಸುತ್ತಾನೆ. ನೋಡುವವರು ನಗುತ್ತಾರೆ.

ಇದು ಇಟಲಿಯ ನಿರ್ದೇಶಕ ಸೆರ್ಜಿಯೊ ಲಿಯೋನೆ 1965ರಲ್ಲಿ ತಯಾರಿಸಿದ 'ಫಾರ್ ಎ ಫ್ಯೂ ಡಾಲರ್ಸ್ ಮೋರ್' ಚಿತ್ರದ ಕೊನೆಯ ದೃಶ್ಯ. ನಾಯಕ ಕ್ಲಿಂಟ್ ಈಸ್ಟ್‌ವುಡ್. ಅವನ ಕಸುಬು ಬೌಂಟಿ ಹಂಟರ್‌ನದು, ಅಂದರೆ ಸರ್ಕಾರ ಇನಾಮು ಘೋಷಿಸಿದ ಅಪರಾಧಿಗಳನ್ನು ಬೇಟೆಯಾಡಿ ಹಣ ಪಡೆಯುವುದು. ಹೆಣ ಎಣಿಸುವವನನ್ನು ಕಂಡು ನಾವೇಕೆ ನಗುತ್ತೇವೆ? ಅವನನ್ನು ಮೆಚ್ಚುವುದಾದರೂ ಏಕೆ?

ಇಂಥ ಬೇಟೆಗಾರ ಹಾಲಿವುಡ್‌ಗೆ ಹೊಸಬನೇನೂ ಆಗಿರಲಿಲ್ಲ. 1953ರ 'ದಿ ನೇಕೆಡ್ ಸ್ಪರ್' ಚಿತ್ರದಲ್ಲಿ ಜೇಮ್ಸ್ ಸ್ಟುವರ್ಟ್ ಅಂಥದೇ ಪಾತ್ರ ಮಾಡಿದ್ದರು. ಕಳೆದುಕೊಂಡ ಜಮೀನನ್ನು ಮರಳಿ ಕೊಳ್ಳಲು ಅವನಿಗೆ ಇನಾಮಿನ ಹಣ ಬೇಕು. ಆದರೆ ಕೊನೆಯಲ್ಲಿ ಹೆಣ ಕೈಗೆ ಸಿಕ್ಕಾಗ ಅವನಿಗೆ ಅಳು ಬರುತ್ತದೆ. ಹಣದ ಆಸೆ ಬಿಟ್ಟು ಶವವನ್ನು ಮಣ್ಣು ಮಾಡಲು ಹೊರಡುತ್ತಾನೆ. ತಲೆ ಮಾರಿ ಬಂದ ದುಡ್ಡು ನಾಯಕನಿಗೆ ದಕ್ಕಬಾರದು ಎಂಬುದು ಅಲ್ಲಿನ ಅಲಿಖಿತ ನಿಯಮ.

ಈ ನಾಚಿಕೆಗೆ ಇತಿಹಾಸದ ಹಿನ್ನೆಲೆಯೂ ಇದೆ. ಕುಖ್ಯಾತ ದರೋಡೆಕೋರ ಜೆಸ್ಸಿ ಜೇಮ್ಸ್‌ನನ್ನು ಹಿಡಿದುಕೊಟ್ಟವರಿಗೆ 1881ರಲ್ಲಿ ಮಿಸೌರಿಯ ಗವರ್ನರ್ 5 ಸಾವಿರ ಡಾಲರ್ ಇನಾಮು ಸಾರಿದ್ದರು. 1882ರ ಏಪ್ರಿಲ್ 3ರಂದು ಅವನದೇ ಗುಂಪಿನ ರಾಬರ್ಟ್ ಫೋರ್ಡ್ ಅವನನ್ನು ಮನೆಯೊಳಗೇ ಹಿಂದಿನಿಂದ ಗುಂಡಿಕ್ಕಿ ಕೊಂದ. ನ್ಯಾಯಾಲಯ ಫೋರ್ಡ್‌ಗೆ ಗಲ್ಲು ವಿಧಿಸಿದ ದಿನವೇ ಗವರ್ನರ್ ಕ್ಷಮಾದಾನ ನೀಡಿದರು. ಇನಾಮಿನಲ್ಲಿ ಅವನ ಕೈಗೆ ಬಂದದ್ದು ಅಲ್ಪಸ್ವಲ್ಪ. ಹೇಡಿ ಎಂಬ ಹೆಸರು ಮಾತ್ರ ಪೂರ್ತಿ ಅವನಿಗೇ ಉಳಿಯಿತು.

ಇಟಲಿಯವರು ಈ ನಾಚಿಕೆಯನ್ನು ಕಿತ್ತುಹಾಕಿದರು. ಲಿಯೋನೆಯ ಮೊದಲ ವೆಸ್ಟರ್ನ್ 'ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್' 1964ರದು. ಅಕಿರ ಕುರೊಸಾವರ 'ಯೋಜಿಂಬೊ' ಕಥೆಯನ್ನು ಹೇಳದೆ ಕೇಳದೆ ಎತ್ತಿಕೊಂಡದ್ದಕ್ಕೆ ಆಮೇಲೆ ಪರಿಹಾರ ತೆರಬೇಕಾಯಿತು. ಅಮೆರಿಕದ ಚಿತ್ರವೆಂಬ ಭ್ರಮೆ ಹುಟ್ಟಿಸಲು ನಿರ್ದೇಶಕರ ಹೆಸರನ್ನು ಬಾಬ್ ರಾಬರ್ಟ್‌ಸನ್ ಎಂದು ಹಾಕಿದ್ದರು. ಆಗ ದೂರದರ್ಶನ ಧಾರಾವಾಹಿಯ ನಟನಾಗಿದ್ದ ಈಸ್ಟ್‌ವುಡ್‌ಗೆ ಸಿಕ್ಕ ಸಂಭಾವನೆ 15 ಸಾವಿರ ಡಾಲರ್. ಅಮೆರಿಕದ ಮರುಭೂಮಿಯ ಬದಲಿಗೆ ಸ್ಪೇನಿನ ಅಲ್ಮೇರಿಯಾದ ಬೋಳು ಗುಡ್ಡಗಳು. ಅಲ್ಲಿ ಎರಡನೆಯ ಚಿತ್ರಕ್ಕೆಂದು ಕಟ್ಟಿದ ಊರು ಇಂದಿಗೂ ಪ್ರವಾಸಿ ತಾಣ.

ಮಾತು, ಸದ್ದುಗಳನ್ನೆಲ್ಲ ಚಿತ್ರೀಕರಣದ ನಂತರ ಜೋಡಿಸುತ್ತಿದ್ದರು. ನಟರು ತಂತಮ್ಮ ಭಾಷೆಯಲ್ಲೇ ಮಾತಾಡಿದರೂ ನಡೆಯುತ್ತಿತ್ತು. ಈ ಅನಿವಾರ್ಯವೇ ಶೈಲಿಗೂ ಒದಗಿಬಂತು. ಮಾತು ಕಡಿಮೆಯಾಯಿತು. ಕಣ್ಣು, ಬೆವರು, ನೊಣ, ಗಾಳಿ ಮಾತಾಡತೊಡಗಿದವು. ಲಿಯೋನೆಯ ಶಾಲಾ ಸಹಪಾಠಿ ಎನ್ನಿಯೊ ಮೊರಿಕೋನೆ ಸಿಳ್ಳೆ, ಚಾಟಿಯೇಟು, ಗಂಟೆ, ಗಿಟಾರುಗಳನ್ನು ಬೆರೆಸಿ ಸಂಗೀತ ಕಟ್ಟಿದರು.

ಆದರೆ ಇವುಗಳ ನಿಜವಾದ ಆಕರ್ಷಣೆ ಇರುವುದು ಲೆಕ್ಕದ ಪ್ರಾಮಾಣಿಕತೆಯಲ್ಲಿ. ಲಿಯೋನೆ ಮುಸೊಲಿನಿಯ ಆಡಳಿತದಲ್ಲಿ ಬಾಲ್ಯ ಕಳೆದವರು. ಸಮವಸ್ತ್ರ ತೊಟ್ಟವನೆಲ್ಲ ನ್ಯಾಯವಂತ ಎಂದು ನಂಬುವ ಪೀಳಿಗೆ ಅದಾಗಿರಲಿಲ್ಲ. ಅದೇ ಎರಡನೆಯ ಚಿತ್ರದಲ್ಲಿ ನಾಯಕ ಹೇಡಿ ಶೆರಿಫನ ಎದೆಯ ನಕ್ಷತ್ರ ಕಿತ್ತು, ನಿಮಗೆ ಹೊಸ ಶೆರಿಫ್ ಬೇಕು ಎಂದು ಊರವರ ಕಡೆಗೆ ಎಸೆಯುತ್ತಾನೆ. ತಾನು ಧರ್ಮ ಕಾಪಾಡುತ್ತೇನೆಂದು ಅವನೆಂದೂ ಹೇಳಿಕೊಳ್ಳುವುದಿಲ್ಲ. ದುಡ್ಡಿಗಾಗಿ ಮಾಡುತ್ತೇನೆ ಎನ್ನುತ್ತಾನೆ. ಸೋಗು ಹಾಕುವ ದೊಡ್ಡವರನ್ನು ಕಂಡು ಬೇಸತ್ತ ಪ್ರೇಕ್ಷಕನಿಗೆ ಈ ನೇರಮಾತೇ ಹಿತವಾಯಿತು.

ಈ ಗಾಳಿ ನಮ್ಮ ರಾಮನಗರದ ಬಂಡೆಗಳವರೆಗೂ ಬೀಸಿತು. ಅಲ್ಲಿ ಚಿತ್ರಿತವಾದ 'ಶೋಲೆ'ಯಲ್ಲಿ (1975) ಗಬ್ಬರ್ ತನ್ನ ತಲೆಗಿರುವ 50 ಸಾವಿರ ರೂಪಾಯಿ ಇನಾಮಿನ ಬಗ್ಗೆ ಜಂಬಪಡುತ್ತಾನೆ. ಅವನನ್ನು ಹಿಡಿಯಲು ಪೊಲೀಸ್ ಅಧಿಕಾರಿಯಾಗಿದ್ದ ಠಾಕೂರ್ ಹಣ ಕೊಟ್ಟು ಕರೆತರುವುದು ಇಬ್ಬರು ಕಳ್ಳರನ್ನು.

ಹಾಗಾದರೆ ಲೆಕ್ಕ ನೇರವಾಗಿದ್ದರೆ ಸಾಕೆ? ಈ ಪ್ರಶ್ನೆಯನ್ನು ಇಟಲಿಯವರೇ ಕೇಳಿದರು. ಸೆರ್ಜಿಯೊ ಕೊರ್ಬುಚಿಯ 'ದಿ ಗ್ರೇಟ್ ಸೈಲೆನ್ಸ್' (1968) ನಡೆಯುವುದು ಹಿಮದಲ್ಲಿ. ಇಲ್ಲಿ ತಲೆಗೆ ಬೆಲೆ ಬಿದ್ದಿರುವುದು ಹಸಿವಿನಿಂದ ಕದ್ದು ಬೆಟ್ಟ ಸೇರಿದ ಬಡವರಿಗೆ. ಕ್ಲಾಸ್ ಕಿನ್‌ಸ್ಕಿ ಅಭಿನಯಿಸಿದ ಬೇಟೆಗಾರ ಅವರನ್ನು ನಗುನಗುತ್ತಲೇ ಕೊಲ್ಲುತ್ತಾನೆ. ಅವರನ್ನು ರಕ್ಷಿಸಲು ನಿಂತ ಮೂಗ ನಾಯಕನೂ ಸಾಯುತ್ತಾನೆ. ಒತ್ತೆಯಾಳುಗಳಾಗಿ ಕಟ್ಟಿಹಾಕಿದ ಬಡವರನ್ನೆಲ್ಲ ಕೊಂದ ಮೇಲೆ, ನಡೆದದ್ದೆಲ್ಲ ಕಾನೂನಿನ ಪ್ರಕಾರವೇ ಎಂದು ಹೇಳಿ ಬೇಟೆಗಾರ ಹೊರಡುತ್ತಾನೆ. ಅವನ ಮಾತು ಸುಳ್ಳಲ್ಲ.

ಮೂರು ವರ್ಷಗಳ ಹಿಂದೆ ಈಸ್ಟ್‌ವುಡ್ ಗಾಡಿಯ ಪಕ್ಕದಲ್ಲಿ ನಿಂತು ಹಾಕಿದ್ದೂ ಇದೇ ಲೆಕ್ಕ. ಆಗ ನಗು ಬಂದದ್ದು ಸತ್ತವರು ಯಾರೆಂದು ನಾವು ಕೇಳಿರದಿದ್ದ ಕಾರಣಕ್ಕೆ. ಕೊರ್ಬುಚಿ ಆ ಮುಖಗಳನ್ನು ತೋರಿಸಿಬಿಟ್ಟರು.