ಕಾಫಿ ತೋಟದ ನೆರಳು ಯಾರ ಲೆಕ್ಕಕ್ಕೆ?

ಕಳಸದಿಂದ ಕೊಟ್ಟಿಗೆಹಾರದ ಕಡೆಗೆ ಬಸ್ಸಿನಲ್ಲಿ ಬರುವ ಹೊಸಬರಿಗೆ ಎಲ್ಲಿ ಕಾಡು ಮುಗಿಯಿತು, ಎಲ್ಲಿ ಕಾಫಿ ತೋಟ ಶುರುವಾಯಿತು ಎಂಬುದು ಸುಲಭವಾಗಿ ಗೊತ್ತಾಗುವುದಿಲ್ಲ. ಆಕಾಶದಿಂದ ನೋಡುವ ಉಪಗ್ರಹಕ್ಕೂ ಇದೇ ಪಾಡು. ಡೆಹ್ರಾಡೂನಿನ ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯು ಉಪಗ್ರಹ ಚಿತ್ರಗಳನ್ನು ಆಧರಿಸಿ ದೇಶದ ಅರಣ್ಯದ ಲೆಕ್ಕ ತೆಗೆಯುತ್ತದೆ. ಒಂದು ಹೆಕ್ಟೇರ್ ಅಥವಾ ಅದಕ್ಕಿಂತ ದೊಡ್ಡ ಜಾಗದಲ್ಲಿ ಮರಗಳ ತಲೆಗಳು ನೆಲದ ಶೇ 10ರಷ್ಟನ್ನಾದರೂ ಮುಚ್ಚಿದ್ದರೆ ಅದು ‘ಅರಣ್ಯ ಹೊದಿಕೆ’. ಜಮೀನು ಸರ್ಕಾರದ್ದೋ ಖಾಸಗಿಯದ್ದೋ ಎಂಬ ಪ್ರಶ್ನೆ ಅಲ್ಲಿಲ್ಲ. ಹಾಗಾಗಿ ಚಿಕ್ಕಮಗಳೂರು ಜಿಲ್ಲೆಯ ನೆರಳುಳ್ಳ ಕಾಫಿ ತೋಟಗಳೂ ದೇಶದ ಅರಣ್ಯದ ಪಟ್ಟಿಯಲ್ಲಿ ಸೇರಿಕೊಳ್ಳುತ್ತವೆ.

ಈ ಪಟ್ಟಿಗೆ ಈಗ ಹೊಸ ಮಹತ್ವ ಬಂದಿದೆ. ಹವಾಮಾನ ಬದಲಾವಣೆ ಕುರಿತ ರಾಷ್ಟ್ರೀಯ ಕ್ರಿಯಾ ಯೋಜನೆ 2008ರಲ್ಲಿ ಹೊರಬಂದಾಗ ಅದರ ಎಂಟು ಅಭಿಯಾನಗಳಲ್ಲಿ ‘ಹಸಿರು ಭಾರತ’ವೂ ಒಂದಾಗಿತ್ತು. 2015ರಲ್ಲಿ ಪ್ಯಾರಿಸ್ ಒಪ್ಪಂದಕ್ಕೆ ಮುನ್ನ ನಮ್ಮ ದೇಶ ಜಗತ್ತಿಗೆ ಕೊಟ್ಟ ಮಾತುಗಳಲ್ಲಿ ಒಂದು ಹೀಗಿದೆ: 2030ರೊಳಗೆ ಕಾಡು ಮತ್ತು ಮರಗಳ ಮೂಲಕ ಹೆಚ್ಚುವರಿಯಾಗಿ 250ರಿಂದ 300 ಕೋಟಿ ಟನ್ ಇಂಗಾಲದ ಡೈ ಆಕ್ಸೈಡನ್ನು ಹೀರಿ ಹಿಡಿದಿಡುತ್ತೇವೆ. 2070ಕ್ಕೆ ನಿವ್ವಳ ಶೂನ್ಯ ಎಂಬ ಗುರಿಯನ್ನು 2021ರಲ್ಲಿ ಗ್ಲಾಸ್ಗೋ ಸಮ್ಮೇಳನದಲ್ಲಿ ಘೋಷಿಸಲಾಯಿತು. ಸೌರ ವಿದ್ಯುತ್ತು, ವಿದ್ಯುತ್ ವಾಹನಗಳ ಬಗ್ಗೆ ಮಕ್ಕಳು ದಿನವೂ ಓದುತ್ತಾರೆ. ಆದರೆ ಮಲೆನಾಡಿನ ಮನೆಗಳಿಗೆ ತೀರ ಹತ್ತಿರದ್ದು ಮರದ ಮಾತು.

ಒಂದು ಮರದಲ್ಲಿ ಎಷ್ಟು ಇಂಗಾಲ ಇರುತ್ತದೆ? ಇದಕ್ಕೆ ಪ್ರೌಢಶಾಲೆಯ ಗಣಿತವೇ ಸಾಕು. ತೋಟದಲ್ಲಿ ಎರಡು ಮೀಟರ್ ಸುತ್ತಳತೆಯ ಹಲಸಿನ ಮರವೊಂದಿದೆ ಎನ್ನಿ. ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ವ್ಯಾಸ ಸುಮಾರು 64 ಸೆಂಟಿಮೀಟರ್. ಬೊಡ್ಡೆಯ ಎತ್ತರ ಹತ್ತು ಮೀಟರ್ ಎಂದಿಟ್ಟುಕೊಂಡು ಸಿಲಿಂಡರಿನ ಸೂತ್ರ ಹಾಕಿದರೆ ಗಾತ್ರ 3.2 ಘನ ಮೀಟರ್. ಮರ ಮೇಲೆ ಹೋದಂತೆ ಸಣ್ಣಗಾಗುವುದರಿಂದ ಅದರಲ್ಲಿ ಎರಡು ಘನ ಮೀಟರ್ ಮಾತ್ರ ಹಿಡಿಯೋಣ. ಒಣಗಿದ ಮೇಲೆ ಅದರ ತೂಕ ಒಂದು ಟನ್ನಿಗೆ ತುಸು ಹೆಚ್ಚು. ಒಣ ಮರದ ತೂಕದಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಇಂಗಾಲ. ಈ ಇಂಗಾಲ ಗಾಳಿಯಿಂದ ಬಂದದ್ದು. 12 ಗ್ರಾಂ ಇಂಗಾಲ ಸಿಗಲು ಮರ 44 ಗ್ರಾಂ ಇಂಗಾಲದ ಡೈ ಆಕ್ಸೈಡ್ ಹೀರಬೇಕು. ಅಂದರೆ ಬೊಡ್ಡೆಯೊಂದರಲ್ಲೇ ಸುಮಾರು ಎರಡು ಟನ್ ಅನಿಲ ಬಂಧಿಯಾಗಿದೆ! ಕೊಂಬೆ, ಬೇರುಗಳನ್ನು ಇನ್ನೂ ಸೇರಿಸಿಲ್ಲ.

ಹೋಲಿಕೆಗೆ ಡೀಸೆಲ್ ನೋಡಿ. ಹೂಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರಿಗೆ ಪಂಪು ಓಡಿಸುತ್ತೇವಲ್ಲ, ಆ ಡೀಸೆಲ್ಲಿನ ಪ್ರತಿ ಲೀಟರಿಗೆ ಸುಮಾರು 2.7 ಕಿಲೋ ಇಂಗಾಲದ ಡೈ ಆಕ್ಸೈಡ್ ಹೊರಬರುತ್ತದೆ. (ಒಂದು ಕಿಲೋ ಕೂಡ ತೂಗದ ಎಣ್ಣೆಯಿಂದ ಅಷ್ಟು ತೂಕದ ಅನಿಲ ಹೇಗೆ ಬಂತೆಂದು ತಂದೆ ತಾಯಿಯರೂ ಕೇಳುತ್ತಾರೆ. ಉರಿಯುವಾಗ ಗಾಳಿಯ ಆಮ್ಲಜನಕ ಸೇರಿಕೊಳ್ಳುತ್ತದೆ, ಅಷ್ಟೇ.) ಈ ಲೆಕ್ಕದಲ್ಲಿ ನಮ್ಮ ಹಲಸಿನ ಬೊಡ್ಡೆ ಏಳುನೂರು ಲೀಟರಿಗೂ ಹೆಚ್ಚು ಡೀಸೆಲ್ಲಿನ ಹೊಗೆಯನ್ನು ಹಿಡಿದುಕೊಂಡು ನಿಂತಿದೆ.

ಇಷ್ಟು ದೊಡ್ಡ ಉಪಕಾರ ಮಾಡುವ ಮರವನ್ನು ಬೆಳೆಗಾರ ಏಕೆ ಕಡಿಯುತ್ತಾನೆ? ಅವನೊಬ್ಬನನ್ನೇ ದೂರುವುದು ನ್ಯಾಯವಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಮರ ಕಡಿಯಲು ಅನುಮತಿ ಬೇಕು. ಆದರೆ ವಿನಾಯಿತಿ ಪಡೆದ ಕೆಲವು ಜಾತಿಗಳಿವೆ. ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕ್ ಅವುಗಳಲ್ಲೊಂದು. ಅದು ಬೇಗ ಬೆಳೆಯುತ್ತದೆ, ನೆಟ್ಟಗೆ ನಿಲ್ಲುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ಅನುಕೂಲ, ಕೈ ಬಿಗಿಯಾದ ವರ್ಷ ಕಡಿದು ಮಾರಬಹುದು. ತಾನಾಗಿ ಹುಟ್ಟಿದ ಹೊನ್ನೆಯನ್ನೋ ನಂದಿಯನ್ನೋ ಬೆಳೆಸಿದರೆ ಮುಂದೆ ಕಚೇರಿ ಅಲೆಯಬೇಕು. ಹಾಗಾಗಿ ಆ ಸಸಿ ಕಳೆಯ ಜೊತೆಯಲ್ಲೇ ಕತ್ತಿಗೆ ಬಲಿಯಾಗುತ್ತದೆ. ಮರವನ್ನು ಉಳಿಸಲೆಂದು ಮಾಡಿದ ಕಾನೂನು ಮರಿ ಗಿಡವನ್ನು ಉಳಿಸುತ್ತಿಲ್ಲ ಎಂಬುದು ನನ್ನ ಅಭಿಪ್ರಾಯ.

ಸಿಲ್ವರ್ ಓಕ್ ಕೂಡ ಇಂಗಾಲ ಹೀರುತ್ತದೆ, ಸುಳ್ಳಲ್ಲ. ಆದರೆ ಬೇಗ ಕಡಿಯುವ ಮರದ ಇಂಗಾಲ ಬೇಗನೆ ಗಾಳಿಗೆ ಮರಳುವ ಸಂಭವವೂ ಹೆಚ್ಚು. ಅತ್ತಿ, ಬಸರಿ ಮರಗಳಿಗೆ ಬರುವ ಮಂಗಟ್ಟೆ ಹಕ್ಕಿಗೆ ಅದರಲ್ಲಿ ಹಣ್ಣೂ ಇಲ್ಲ. ಅರಣ್ಯ ಹೊದಿಕೆಯ ನಕ್ಷೆ ಜಾತಿ ಕೇಳುವುದಿಲ್ಲ. ಶೇ 40ರಿಂದ 70ರ ನಡುವಿನ ಹೊದಿಕೆಗೆ ಅದರಲ್ಲಿ ‘ಮಧ್ಯಮ ದಟ್ಟ’ ಎಂಬ ಒಂದೇ ಹೆಸರು. ಶೇ 68 ಇದ್ದ ನೆರಳು 42ಕ್ಕೆ ಇಳಿದರೂ ನಕ್ಷೆಯ ಬಣ್ಣ ಬದಲಾಗುವುದಿಲ್ಲ. 2024ರಲ್ಲಿ ರೋಬಸ್ಟಾ ಬೆಲೆ ದಾಖಲೆಗೆ ಏರಿತು. ರೋಬಸ್ಟಾ ಅರೇಬಿಕಾಕ್ಕಿಂತ ಹೆಚ್ಚು ಬಿಸಿಲು ತಡೆಯುವ ಗಿಡವಾದ್ದರಿಂದ, ಇಂಥ ಕಾಲದಲ್ಲಿ ನೆರಳು ತೆರೆಯುವ ಆಸೆ ಸಹಜ. ಮರಗಸಿಯ ಹೆಸರಿನಲ್ಲಿ ಮರವೇ ಹೋಗುವುದುಂಟು.

ಅರೇಬಿಕಾಕ್ಕಂತೂ ನೆರಳೇ ರಕ್ಷೆ. ಬಿಸಿಲು ಬಿದ್ದ ಗಿಡಗಳಲ್ಲೇ ಬಿಳಿ ಕಾಂಡಕೊರಕದ ಕಾಟ ಜಾಸ್ತಿ. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರ ಒಳ್ಳೆಯ ನೆರಳು ಇಟ್ಟುಕೊಳ್ಳಿ ಎಂದು ಹೇಳುತ್ತಾ ಬಂದಿದೆ. ಸೆಕೆ ಏರುತ್ತಾ ಹೋದರೆ ಆ ಮಾತಿಗೆ ತೂಕ ಹೆಚ್ಚೇ ಹೊರತು ಕಡಿಮೆಯಾಗದು.

ಹಾಗಾದರೆ ಮರ ಉಳಿಸಿದವರಿಗೆ ಏನು ಸಿಗುತ್ತದೆ? ಕೇಂದ್ರ ಸರ್ಕಾರ 2023ರಲ್ಲಿ ಇಂಗಾಲದ ಸಾಲಪತ್ರಗಳ ವ್ಯಾಪಾರಕ್ಕೆ ನಿಯಮಗಳನ್ನು ಹೊರಡಿಸಿದೆ. ಆದರೆ ಇಂಥ ಮಾರುಕಟ್ಟೆಗಳ ಸಾಮಾನ್ಯ ತತ್ವ ‘ಹೆಚ್ಚುವರಿ’. ಹೊಸದಾಗಿ ಏನಾದರೂ ಮಾಡಿದವನಿಗೆ ಹಣ. ಅಜ್ಜನ ಕಾಲದಿಂದ ನಿಂತ ಮರವನ್ನು ಸುಮ್ಮನೆ ಕಾಯ್ದುಕೊಂಡವನಿಗೆ ಸಿಗುವುದು ಕಷ್ಟ. ಬೋಳು ಗುಡ್ಡದಲ್ಲಿ ಗಿಡ ನೆಟ್ಟವನು ಮುಂದೆ, ಮೂಡಿಗೆರೆಯ ತೋಟದ ಯಜಮಾನ ಹಿಂದೆ! ಯೂರೋಪಿನ ಒಕ್ಕೂಟ 2023ರಲ್ಲಿ ಇನ್ನೊಂದು ದಾರಿಯ ಕಾನೂನು ಮಾಡಿತು: 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದ ಕಾಫಿ ಅಲ್ಲಿಗೆ ಬರಬಾರದು. ನಮ್ಮ ಕಾಫಿಯ ದೊಡ್ಡ ಪಾಲು ಇಟಲಿ ಮುಂತಾದ ಆ ದೇಶಗಳಿಗೇ ಹೋಗುವುದರಿಂದ ಇದು ಸಣ್ಣ ಮಾತಲ್ಲ. ಆದರೂ ಅದು ಕಾಡು ಕಡಿದವನನ್ನು ತಡೆಯುತ್ತದೆ, ನೆರಳು ಉಳಿಸಿದವನಿಗೆ ಬೆಲೆ ಹೆಚ್ಚಿಸುವುದಿಲ್ಲ.

ಬೆಳೆಗಾರ ತಾನೇ ಬೆಳೆಸಿದ ನಾಡು ಮರಗಳನ್ನು ನೋಂದಾಯಿಸಿ, ಅವುಗಳ ಮೇಲಿನ ಹಕ್ಕನ್ನು ಸರಳ ಕ್ರಮದಲ್ಲಿ ಖಾತ್ರಿಪಡಿಸಿದರೆ ಸಸಿಗಳಾದರೂ ಕತ್ತಿಯಿಂದ ಪಾರಾಗಬಹುದು. ಅದಕ್ಕೆ ತೋಟದಲ್ಲಿ ಏನಿದೆ ಎಂಬ ಪಟ್ಟಿ ಮೊದಲು ಬೇಕು. ಈ ಕೆಲಸ ಮಕ್ಕಳಿಂದ ಆಗುವಂಥದ್ದೇ. ಟೇಲರ್ ಟೇಪು, ಒಂದು ನೋಟ್‌ಬುಕ್ ಸಾಕು. ಮರದ ಹೆಸರನ್ನು ಮನೆಯ ಹಿರಿಯರಿಂದ ಕೇಳಿ ಬರೆದುಕೊಳ್ಳಿ. ನೆಲದಿಂದ 1.37 ಮೀಟರ್ ಎತ್ತರದಲ್ಲಿ ಸುತ್ತಳತೆ ತೆಗೆಯಿರಿ. ನಮ್ಮ ಕಡೆ ಸಮತಟ್ಟು ನೆಲ ಕಡಿಮೆಯಾದ್ದರಿಂದ ಇಳಿಜಾರಿನ ಮೇಲ್ಬದಿಯಲ್ಲಿ ನಿಂತೇ ಅಳೆಯಬೇಕು. ಮೆಣಸಿನ ಬಳ್ಳಿ ಹಬ್ಬಿದ್ದರೆ ಟೇಪನ್ನು ಬಳ್ಳಿಯ ಒಳಗಿನಿಂದ ತೂರಿಸಿ.